ಇಗತ್‌ಪುರಿಗೆ ಒಂದು ಪತ್ರ

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ನಿನ್ನ ಪತ್ರ ಸೋಮವಾರ ಬಂತು. ನಾಲ್ಕು ಪುಟದಲ್ಲಿ ಮೂರೂವರೆ ಪುಟ ಓದಿ ಖುಷಿಯಾಯಿತು. ಒಗೆದ ಬಟ್ಟೆ ಮೂರು ದಿನವಾದರೂ ಒಣಗದ್ದು, ಮಂಜಿನಲ್ಲಿ ನಿಮ್ಮ ಧ್ಯಾನಕೇಂದ್ರದ ಪಗೋಡವೇ ಕಾಣದ ಬೆಳಗುಗಳು, ಪರಾತದಲ್ಲಿ ಮೊಣಕೈವರೆಗೆ ಚಪಾತಿ ಹಿಟ್ಟು ಕಲಸಿದ್ದು, ಈಗ ಮಳೆ ನಿಂತು ಗುಡ್ಡದ ಹುಲ್ಲು ಹಳದಿಗೆ ತಿರುಗುತ್ತಿರುವುದು. ನಮ್ಮ ಸಾಗರದ ಕಡೆಯ ಆಷಾಢವನ್ನೇ ಓದಿದ ಹಾಗಿತ್ತು. ಕೊನೆಯ ಅರ್ಧ ಪುಟ ಓದಿ ಕನ್ನಡಕ ತೆಗೆದಿಟ್ಟೆ.

ಡಿಸೆಂಬರಿನಲ್ಲಿ ತಪೋವನದ ಇಪ್ಪತ್ತು ದಿನದ ಮೌನ ಧ್ಯಾನ ಶಿಬಿರಕ್ಕೆ ಕೂರಬೇಕು, ಫೋನ್ ಒಪ್ಪಿಸಬೇಕು ಅಂತ ಬರೆದಿದ್ದೀಯ. ಅದರ ಕೆಳಗೆ, 'ಆ ಇಪ್ಪತ್ತು ದಿನದಲ್ಲೇ ಅಜ್ಜಿ ಹೋಗಿಬಿಟ್ಟರೆ?' ಅಂತ ಬರೆದು, ಮೇಲೆ ಎರಡು ಗೀಟು ಹಾಕಿದ್ದೀಯ. ಗೀಟು ಹಾಕಿದರೆ ಓದೋಕೆ ಬರಲ್ಲ ಅಂದುಕೊಂಡೆಯಾ? ಮೂವತ್ತೈದು ವರ್ಷ ಲೆಕ್ಕದ ಪುಸ್ತಕಗಳಲ್ಲಿ ಹೊಡೆದು ಹಾಕಿದ ಅಂಕಿಗಳನ್ನೇ ಮೊದಲು ಓದಿದವನು ನಾನು.

ಅಜ್ಜಿ ಹೇಗಿದ್ದಾಳೆ ಅಂತ ನಿನ್ನಮ್ಮ ದಿನಾ ಹೇಳುತ್ತಾಳೆ, ಅದನ್ನು ಮತ್ತೆ ಬರೆಯಲ್ಲ. ಆ ಗೀಟಿನ ಕೆಳಗಿನ ಸಾಲಿನ ಬಗ್ಗೆ ಮಾತ್ರ ಬರೆಯೋಣ ಅಂತ ಕೂತೆ. ಇದು ಮೂರನೇ ಹಾಳೆ. ಮೊದಲೆರಡು ಹರಿದು ಹಾಕಿದೆ, ಅದರಲ್ಲಿ ಬರೀ ಉಪದೇಶವಿತ್ತು.

ನೀನೀಗ ಇರುವ ಅದೇ ಧಮ್ಮಗಿರಿ ಕೇಂದ್ರಕ್ಕೆ ಹತ್ತು ದಿನದ ಶಿಬಿರಕ್ಕೆ ಹೋಗಿ ನಾನು ಆರನೇ ದಿನಕ್ಕೆ ಓಡಿ ಬಂದ ಕಥೆ ಮನೆಯಲ್ಲಿ ಎಲ್ಲರಿಗೂ ಗೊತ್ತು. ಸಂಜೆ ಊಟ ಕೊಡದೆ ಮಂಡಕ್ಕಿ, ಬಾಳೆಹಣ್ಣು ಕೊಟ್ಟರು, ಹೊಟ್ಟೆ ತಡೀಲಿಲ್ಲ ಅಂತ ನಾನೇ ಹೇಳಿ ನಿಮ್ಮನ್ನೆಲ್ಲ ನಗಿಸಿದ್ದೇನೆ. ಅದು ಸುಳ್ಳು, ಪುಟ್ಟಿ. ಮಂಡಕ್ಕಿ ಚೆನ್ನಾಗೇ ಇತ್ತು.

1994ರ ಜನವರಿ. ಅಲ್ಲಿ ಧ್ಯಾನ ಕಲಿಸುತ್ತಿದ್ದ ಗೋಯೆಂಕಾಜಿಯವರ ಗುರು ಊ ಬಾ ಖಿನ್ ಬರ್ಮಾ ದೇಶದ ಅಕೌಂಟೆಂಟ್ ಜನರಲ್ ಆಗಿದ್ದವರು, ಆಫೀಸಿನಲ್ಲೇ ಸಿಬ್ಬಂದಿಗೆ ಧ್ಯಾನ ಕಲಿಸುತ್ತಿದ್ದರು ಅಂತ ಯಾರೋ ಹೇಳಿದ್ದರು. ಲೆಕ್ಕದ ಮನುಷ್ಯನಿಗೂ ಇದು ಆಗುತ್ತೆ ಅಂದಮೇಲೆ ನನಗೂ ಆಗಬಹುದು ಅಂತ ರಜೆ ಹಾಕಿ ಹೋದೆ. ಮೂರು ದಿನ ಬರೀ ಉಸಿರು. ನಾಲ್ಕನೇ ದಿನ ವಿಪಶ್ಯನ, ಅಂದರೆ ಮೈಯ ಸಂವೇದನೆಗಳನ್ನು ಸುಮ್ಮನೆ ನೋಡುವ ಧ್ಯಾನ, ಶುರು. ಅಲ್ಲಿಯವರೆಗೆ ಕಾಲು ನೋವು ಬಿಟ್ಟರೆ ತೊಂದರೆ ಇರಲಿಲ್ಲ. ಆಮೇಲೆ ಅಪ್ಪಯ್ಯ ತಲೆಯೊಳಗೆ ಬಂದು ಕೂತರು. ಹೊರಡುವ ದಿನ ಅವರಿಗೆ ಸ್ವಲ್ಪ ಕೆಮ್ಮಿತ್ತು. ಕಣ್ಣು ಮುಚ್ಚಿದರೆ ಸಾಕು, ಆ ಕೆಮ್ಮು ಕೇಳೋದು. ಐದನೇ ದಿನದ ಹೊತ್ತಿಗೆ ಅವರು ಹೋಗಿಬಿಟ್ಟಿದ್ದಾರೆ, ಊರಿನಲ್ಲಿ ಎಲ್ಲರೂ ನನಗಾಗಿ ಕಾಯುತ್ತಿದ್ದಾರೆ ಅಂತ ಗಟ್ಟಿಯಾಗಿಬಿಟ್ಟಿತು.

ರಾತ್ರಿ ರೈಲಿನ ಸದ್ದು ನಿನಗೂ ಕೇಳುತ್ತೆ ಅಲ್ವಾ? ಕಸಾರಾದಿಂದ ಘಾಟಿ ಹತ್ತುವ ರೈಲುಗಳಿಗೆ ಹಿಂದಿನಿಂದ ನೂಕೋಕೆ ಬೇರೆ ಎಂಜಿನ್ ಕಟ್ಟುತ್ತಾರೆ, ಮೇಲೆ ಬಂದಮೇಲೆ ಬಿಚ್ಚುತ್ತಾರೆ. ನಾನು ಉಸಿರು ನೋಡೋದು ಬಿಟ್ಟು ಅದನ್ನೇ ಕೇಳುತ್ತಾ ಮಲಗಿರುತ್ತಿದ್ದೆ. ಇದು ಮುಂಬಯಿ ಕಡೆ ಹೋಗೋದಾ, ಇದರಲ್ಲಿ ಹತ್ತಿದ್ದರೆ ನಾಳೆ ಎಷ್ಟು ಹೊತ್ತಿಗೆ ಎಲ್ಲಿರುತ್ತಿದ್ದೆ ಅಂತ ಲೆಕ್ಕ. ಆರನೇ ದಿನ ಊಟದ ಸಾಲಿನಲ್ಲಿ ನಿಂತಿದ್ದಾಗ ಒಬ್ಬ ಸೇವಕ ಕೈಯಲ್ಲಿ ಒಂದು ಹಳದಿ ಚೀಟಿ ಹಿಡಿದು ನಮ್ಮ ಕಡೆಗೇ ಬಂದ. ಟೆಲಿಗ್ರಾಂ ಅಂತಲೇ ಅಂದುಕೊಂಡೆ. ಕೈಯಲ್ಲಿದ್ದ ತಟ್ಟೆ ನಡುಗಿತು. ಅವನು ನನ್ನನ್ನು ದಾಟಿಕೊಂಡು ಅಡುಗೆಮನೆಗೆ ಹೋದ. ತರಕಾರಿ ಚೀಟಿಯೋ ಏನೋ. ಮಧ್ಯಾಹ್ನವೇ ಆಚಾರ್ಯರ ಹತ್ತಿರ ಹೋಗಿ ಹೊರಡುತ್ತೇನೆ ಅಂದೆ. ಇವತ್ತೊಂದು ರಾತ್ರಿ ಕಳೆಯಲಿ ಅಂದರು. ಕೇಳಲಿಲ್ಲ.

ಎರಡು ರೈಲು, ಮೂರು ಬಸ್ಸು ಹಿಡಿದು ಮನೆ ಮುಟ್ಟಿದರೆ ಅಪ್ಪಯ್ಯ ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದರು. ಸುಗ್ಗಿಯ ಕಾಲ ನೋಡು, ಸುತ್ತ ಸಿಪ್ಪೆಯ ರಾಶಿ. ತಲೆ ಎತ್ತಿ, "ಹತ್ತು ದಿನ ಅಂದಿದ್ದೆಯಲ್ಲೋ?" ಅಂದರು. ಕೆಮ್ಮು ಕೂಡ ಇರಲಿಲ್ಲ. ಆಗ ಬಾಯಿಗೆ ಬಂದಿದ್ದೇ ಮಂಡಕ್ಕಿ ಕಥೆ.

ಇದನ್ನು ಓದಿ, ಸರಿ, ಅಜ್ಜಿಗೂ ಏನೂ ಆಗಲ್ಲ ಅಂತ ಮಾವ ಧೈರ್ಯ ಹೇಳುತ್ತಿದ್ದಾರೆ ಅಂದುಕೊಳ್ಳಬೇಡ. ಎಂಬತ್ತೇಳು ವರ್ಷದವಳ ಬಗ್ಗೆ ಹಾಗೆ ಹೇಳೋಕೆ ನನಗೆ ಬಾಯಿ ಬರಲ್ಲ. ಇಪ್ಪತ್ತು ದಿನದಲ್ಲಿ ಆಗಬಹುದು. ನೀನು ಪಕ್ಕದ ಕೋಣೆಯಲ್ಲಿ ಮಲಗಿದ್ದಾಗಲೂ ಆಗಬಹುದು.

ಅಪ್ಪಯ್ಯ ಹೋಗಿದ್ದು ಅದಾದ ಮೂರು ವರ್ಷಕ್ಕೆ, 1997ರ ಮಾರ್ಚ್ 29. ನಾನಾಗ ಯಾವ ಶಿಬಿರದಲ್ಲೂ ಇರಲಿಲ್ಲ. ಶಿವಮೊಗ್ಗದಲ್ಲೇ ಇದ್ದೆ, ಎರಡು ಗಂಟೆ ದಾರಿ. ಮೇಜಿನ ಮೇಲೆ ಫೋನಿತ್ತು. 26ಕ್ಕೆ ಒಂದು ಸಲ, 28ಕ್ಕೆ ಒಂದು ಸಲ ಊರಿಂದ ಫೋನ್ ಬಂತು. ವರ್ಷಾಂತ್ಯದ ಲೆಕ್ಕ, 31 ಕಳೀಲಿ, ಬಂದುಬಿಡ್ತೀನಿ ಅಂದೆ. ಎರಡೂ ಸಲ ಅದೇ ಮಾತು. ನಾನು ಹೋದಾಗ ಅಂಗಳದ ತುಂಬ ಚಪ್ಪಲಿಗಳು. ನನ್ನದನ್ನು ಎಲ್ಲಿ ಬಿಡೋದು ಅಂತ ಜಾಗ ಹುಡುಕುತ್ತಾ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ಆ ನಿಂತಿದ್ದು ಇವತ್ತಿಗೂ ನೆನಪಿದೆ. ಆ ವರ್ಷದ ಲೆಕ್ಕ ತಾಳೆಯಾಯಿತೋ ಇಲ್ಲವೋ ನೆನಪಿಲ್ಲ.

ನಿನ್ನಮ್ಮನಿಗೆ ಆ ಎರಡು ಫೋನಿನ ವಿಷಯ ಗೊತ್ತಿಲ್ಲ. ಹೇಳೋದಾದರೆ ನಾನೇ ಹೇಳುತ್ತೇನೆ.

ನಿನ್ನ ಸಾಲಿಗೇ ಮತ್ತೆ ಬರುತ್ತೇನೆ. ಇದು ಧ್ಯಾನ ಗಟ್ಟಿಯಾಗದವರ ಭಯ ಅಂತ ನಾಚಿಕೊಂಡು ಗೀಟು ಹಾಕಿದ್ದರೆ, ಒಂದು ವಿಷಯ ಕೇಳು. ಮಳೆಗಾಲದ ಮೂರು ತಿಂಗಳು ಭಿಕ್ಷುಗಳು ಒಂದೇ ಕಡೆ ಇರಬೇಕು ಅಂತ ಬುದ್ಧ ನಿಯಮ ಮಾಡಿದ. ನಮ್ಮ ಸ್ವಾಮಿಗಳ ಚಾತುರ್ಮಾಸ್ಯ ಇದೆಯಲ್ಲ, ಹಾಗೆ. ಆದರೆ ಅದೇ ವಿನಯದಲ್ಲಿ, ಅಂದರೆ ಭಿಕ್ಷುಗಳ ನಿಯಮಗಳ ಗ್ರಂಥದಲ್ಲಿ, ತಾಯಿಗೋ ತಂದೆಗೋ ಕಾಯಿಲೆ ಅಂತ ಗೊತ್ತಾದರೆ ಏಳು ದಿನದ ಮಟ್ಟಿಗೆ ಹೋಗಿ ಬರಬಹುದು, ಅವರು ಹೇಳಿ ಕಳಿಸದಿದ್ದರೂ ಹೋಗಬಹುದು ಅಂತ ಇದೆ. ಮನೆ ಬಿಟ್ಟು ಬಂದವರಿಗೇ ಆ ಬಾಗಿಲು ಇಟ್ಟಿದ್ದಾನೆ. ಶಂಕರಾಚಾರ್ಯರು ತಾಯಿಗೆ ಮಾತು ಕೊಟ್ಟು ಕೊನೆಗಾಲಕ್ಕೆ ಕಾಲಡಿಗೆ ಹೋದ ಕಥೆ ಅಜ್ಜಿಯೇ ನಿನಗೆ ಎಷ್ಟು ಸಲ ಹೇಳಿಲ್ಲ! ಅವರಿಗೆಲ್ಲ ಇದ್ದ ಚಿಂತೆ ನಿನಗೆ ಇರಬಾರದಾ?

ಬುದ್ಧಿ ಹೇಳೋ ಅರ್ಹತೆ ನನಗೆ ಜಾಸ್ತಿ ಇಲ್ಲ, ಹತ್ತು ದಿನವನ್ನೇ ಮುಗಿಸದವನು. ಆದರೂ ಒಂದೆರಡು. ಅರ್ಜಿಯಲ್ಲಿ ತುರ್ತು ಸಂಪರ್ಕಕ್ಕೆ ನಿನ್ನಮ್ಮನ ಬದಲು ನನ್ನ ನಂಬರ್ ಕೊಡು. ಅಜ್ಜಿಗೆ ಎರಡು ಸೀನು ಬಂದರೂ ನಿನ್ನಮ್ಮ ಅಲ್ಲಿಗೆ ಫೋನ್ ಮಾಡಿಬಿಡುತ್ತಾಳೆ. ಉಣ್ಣೆ ಶಾಲು ಒಯ್ಯಿ, ಆ ಗುಡ್ಡದ ಬೆಳಗಿನ ನಾಲ್ಕು ಗಂಟೆಯ ಚಳಿ ನಿನಗೇ ಗೊತ್ತು. ಸೇವೆ ಅಂತ ಕೊನೆಯ ದಿನದವರೆಗೂ ಚಪಾತಿ ಲಟ್ಟಿಸಿ ಸುಸ್ತಾಗಿ ಶಿಬಿರಕ್ಕೆ ಕೂರಬೇಡ, ಒಂದೆರಡು ದಿನ ಸುಮ್ನೆ ಮಲಗು. ರೈಲು ಎಣಿಸಬೇಡ ಅಂತ ಹೇಳೋಣ ಅಂದುಕೊಂಡೆ. ಆದರೆ ಕೇಳಿಸಿದ್ದನ್ನು ಹೇಗೆ ಬಿಡೋದು ಅಂತ ನನಗೂ ತಿಳಿದಿಲ್ಲ.

ಅಜ್ಜಿಗೆ ನಿನ್ನೆ ವಿಷಯ ಹೇಳಿದೆ. ಕಾಫಿ ಲೋಟ ಕೆಳಗಿಟ್ಟು, "ಇಪ್ಪತ್ತು ದಿನ ಮಾತೇ ಇಲ್ಲವಾ? ಆ ಹುಡುಗಿ ಕೈಲಿ ಆಗುತ್ತಾ?" ಅಂದಳು. ಆಮೇಲೆ ನನ್ನ ಕಡೆ ನೋಡಿ, "ನೀನು ಆರಕ್ಕೇ ಬಂದೆಯಲ್ಲ" ಅಂತ ನಕ್ಕಳು. ಇವಳಿಗೆ ಮಂಡಕ್ಕಿ ಕಥೆ ಯಾವತ್ತೂ ನಂಬಿಕೆಯಾಗಿರಲಿಲ್ಲವೇನೋ ಅಂತ ಅನುಮಾನ ಬಂತು. ಕೇಳಲಿಲ್ಲ. ಫೋನ್ ಒಪ್ಪಿಸುವ ಹಿಂದಿನ ದಿನ ಅವಳ ಹತ್ತಿರ ಮಾತಾಡು. ಏನೂ ವಿಶೇಷ ಹೇಳಬೇಕಾಗಿಲ್ಲ, ಅವಳ ಮಂಡಿನೋವು ವಿಚಾರಿಸು, ಸಾಕು.

ಶಿಬಿರದ ಕಚೇರಿಯ ನಂಬರನ್ನು ಅಡುಗೆಮನೆಯ ಕ್ಯಾಲೆಂಡರಿನ ಡಿಸೆಂಬರ್ ಹಾಳೆಯ ಮೇಲೆ ದೊಡ್ಡದಾಗಿ ಬರೆದಿಟ್ಟಿದ್ದೇನೆ. ತುರ್ತು ಇದ್ದರೆ ಅವರು ಒಳಗೆ ತಿಳಿಸುತ್ತಾರೆ. ಹಾಗಾಗಿ ನಿನ್ನ ಭಯದ ಅರ್ಧ ಪಾಲು ಈಗ ನನಗೆ ಬಂದು ಕೂತಿದೆ ನೋಡು. ಆ ಫೋನ್ ಮಾಡಬೇಕೋ ಬೇಡವೋ ಅಂತ ಆ ಹೊತ್ತಿನಲ್ಲಿ ತೀರ್ಮಾನ ಮಾಡಬೇಕಾದವನು ನಾನು. 'ಶಿಬಿರ ಮುಗೀಲಿ, ಆಮೇಲೆ ಹೇಳೋಣ' ಅಂತ ನನ್ನ ಬಾಯಿಂದ ಬಂದುಬಿಟ್ಟರೆ? ಆ ಮಾತು ನನಗೆ ಬಹಳ ಸುಲಭವಾಗಿ ಬರುತ್ತೆ, ಮೇಲೆ ಓದಿದೆಯಲ್ಲ.

ಅದಕ್ಕೆ ನೀನೇ ಬರೆದು ಕಳಿಸು. ಅಜ್ಜಿಗೆ ಆಸ್ಪತ್ರೆ ಅಂತಾದರೆ ಕರೆಯಲಾ? ಅದಕ್ಕಿಂತ ಮೊದಲೇ ಕರೆಯಲಾ? ಒಂದೇ ಸಾಲು ಸಾಕು, ಗೀಟು ಹಾಕದೆ ಬರೆ. ಕ್ಯಾಲೆಂಡರಿನಲ್ಲಿ ನಂಬರಿನ ಕೆಳಗೆ ಅಂಟಿಸಿಡುತ್ತೇನೆ.

ಅಪ್ಪೆಮಿಡಿ ಕಳಿಸುತ್ತಿಲ್ಲ, ಹೊರಗಿನ ತಿಂಡಿ ಒಳಗೆ ಬಿಡಲ್ಲ ಅಂದಿದ್ದೆಯಲ್ಲ. ಜಾಡಿಯಲ್ಲಿ ನಿನ್ನ ಪಾಲು ಹಾಗೇ ಇದೆ.

ನಿನ್ನ ಮಾವ