ಮಗಳಿಗೊಂದು ಪತ್ರ: ಬಾಸೆಲ್ ಬರುವ ಮುಂಚೆ ಫೋನ್ ನೋಡಿಕೋ

ಪುಟ್ಟಿ,

ವೀಸಾ ಬಂದಾಗಿನಿಂದ ನಿಮ್ಮಪ್ಪನಿಗೆ ಸೂಟ್‌ಕೇಸಿನ ತೂಕದ ಚಿಂತೆ. ನನಗೆ ನಿನ್ನ ಫೋನಿನದು. ಪ್ಯಾರಿಸ್, ಜ್ಯೂರಿಕ್, ಮಿಲಾನ್ ಅಂತ ಮೂರು ದೇಶ ಸುತ್ತುತ್ತೀಯ. ರೈಲು ಟಿಕೆಟ್ಟು, ಹಾಸ್ಟೆಲ್ಲಿನ ವಿಳಾಸ, ದಾರಿ ಎಲ್ಲ ಆ ಫೋನಿನಲ್ಲೇ. ಗುರುತಿಲ್ಲದ ಸ್ಟೇಷನ್ನಿನಲ್ಲಿ ನೀನು ನೆಟ್ ಇಲ್ಲದೆ ನಿಲ್ಲುವುದು ನನಗೆ ಬೇಡ.

ಇಲ್ಲಿನ ಸಿಮ್ ತೆಗೆಯಬೇಡ. ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ. ಹೊರಡುವ ಮುಂಚೆ ಇಂಟರ್‌ನ್ಯಾಷನಲ್ ರೋಮಿಂಗ್ ಚಾಲೂ ಮಾಡಿಸಿಕೋ, ಆದರೆ ಸೆಟ್ಟಿಂಗ್ಸಿನಲ್ಲಿ ಆ ಸಿಮ್ಮಿನ ಡೇಟಾ ರೋಮಿಂಗ್ ಮಾತ್ರ ಆಫ್ ಇರಲಿ. ಪ್ಯಾಕ್ ಇಲ್ಲದೆ ಡೇಟಾ ಆನ್ ಇದ್ದರೆ ನೀನು ಮುಟ್ಟದಿದ್ದರೂ ಫೋಟೋ ಬ್ಯಾಕಪ್ಪು, ಆ್ಯಪ್ ಅಪ್‌ಡೇಟು ದುಡ್ಡು ತಿನ್ನುತ್ತವೆ. ಆ ನಂಬರಿಗೆ ಬಂದ ಕರೆಯನ್ನೂ ಸುಮ್ಮನೆ ಎತ್ತಬೇಡ, ಎತ್ತಿದ್ದಕ್ಕೂ ಚಾರ್ಜ್ ಬೀಳುತ್ತದೆ. ನಾವು ವಾಟ್ಸ್ಆ್ಯಪ್‌ನಲ್ಲೇ ಮಾತಾಡೋಣ, ಅದು ಈ ನಂಬರಿನಲ್ಲೇ ನಡೆಯುತ್ತದೆ.

ಡೇಟಾಕ್ಕೆ ಇ-ಸಿಮ್ ತಗೋ ಅಂತ ನನ್ನ ಮಾತು. ಅದು ಕಾರ್ಡಿಲ್ಲದ ಸಿಮ್, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಫೋನಿನೊಳಗೇ ಹಾಕಿಕೊಳ್ಳುವುದು. ಪ್ಯಾರಿಸ್ಸಿನ ಏರ್‌ಪೋರ್ಟಿನಲ್ಲಿ ಸಿಮ್ ಸಿಗುತ್ತದೆ, ನಿಜ. ಆದರೆ ರಾತ್ರಿಯೆಲ್ಲ ವಿಮಾನದಲ್ಲಿ ಕೂತು ಬಂದವಳು ಅಲ್ಲಿ ಕ್ಯೂ ನಿಲ್ಲುವುದು ಯಾಕೆ? ಇ-ಸಿಮ್ಮನ್ನು ಮನೆಯ ವೈಫೈನಲ್ಲೇ ಹಾಕಿಕೊಂಡು ಹೋಗಬಹುದು. ಪ್ಯಾಕಿನ ದಿನದ ಲೆಕ್ಕ ಯಾವಾಗ ಶುರುವಾಗುತ್ತದೆ ಅಂತ ಓದಿಕೋ. ಕೆಲವದು ಅಲ್ಲಿನ ನೆಟ್‌ವರ್ಕ್ ಹಿಡಿದ ಮೇಲೆ, ಕೆಲವದು ಹಾಕಿದ ಕ್ಷಣವೇ. ಹಾಕಿದ್ದನ್ನು ಡಿಲೀಟ್ ಮಾಡಬೇಡ. ಒಂದು ಕ್ಯೂಆರ್ ಕೋಡ್ ಸಾಮಾನ್ಯವಾಗಿ ಒಂದೇ ಸಲಕ್ಕೆ ನಡೆಯುತ್ತದೆ.

ಈಗ ಮುಖ್ಯವಾದದ್ದು. ಯೂರೋಪಿನಲ್ಲಿ ಒಂದು ಸಿಮ್ ಎಲ್ಲ ಕಡೆ ನಡೆಯುತ್ತದೆ ಅಂತ ನಿನ್ನ ಗೆಳತಿಯರು ಹೇಳುತ್ತಾರಲ್ಲ, ಅದು ಅರ್ಧ ಸತ್ಯ. 2017ರ ಜೂನ್ 15ರಿಂದ ಐರೋಪ್ಯ ಒಕ್ಕೂಟದ ಒಳಗೆ ರೋಮಿಂಗಿಗೆ ಬೇರೆ ದುಡ್ಡಿಲ್ಲ. ನಾರ್ವೆ, ಐಸ್‌ಲ್ಯಾಂಡ್, ಲಿಕ್ಟನ್‌ಸ್ಟೈನ್ ಒಕ್ಕೂಟದಲ್ಲಿ ಇಲ್ಲದಿದ್ದರೂ ಈ ಸೌಲಭ್ಯದಲ್ಲಿ ಸೇರಿವೆ. ಸ್ವಿಟ್ಜರ್ಲೆಂಡ್ ಸೇರಿಲ್ಲ! ಫ್ರಾನ್ಸಿನ ಸಿಮ್ ಇಟಲಿಯಲ್ಲಿ ನಡೆದೀತು, ನಡುವಿನ ಜ್ಯೂರಿಕ್‌ನಲ್ಲಿ ಕೈಕೊಟ್ಟೀತು, ಇಲ್ಲವೇ ಬಾಕಿ ದುಡ್ಡನ್ನೆಲ್ಲ ನುಂಗೀತು. ಹಾಗಾಗಿ ‘ಯೂರೋಪ್’ ಅನ್ನುವ ಹೆಸರು ನೋಡಿ ಕೊಳ್ಳಬೇಡ. ದೇಶಗಳ ಪಟ್ಟಿ ತೆಗೆದು ಸ್ವಿಟ್ಜರ್ಲೆಂಡ್ ಇದೆಯಾ ಅಂತ ಕಣ್ಣಾರೆ ನೋಡು. ಇಲ್ಲದಿದ್ದರೆ, ಪ್ಯಾರಿಸ್ಸಿನಿಂದ ಹೊರಟ ರೈಲು ಸ್ವಿಟ್ಜರ್ಲೆಂಡಿನ ಗಡಿಯ ಊರಾದ ಬಾಸೆಲ್ ಮುಟ್ಟುವ ಮುಂಚೆಯೇ ಡೇಟಾ ಆಫ್ ಮಾಡು. ಗಡಿ ದಾಟಿದ್ದು ನಿನಗೆ ತಿಳಿಯುವ ಮುಂಚೆ ಫೋನು ಆ ಕಡೆಯ ಟವರ್ ಹಿಡಿದಿರುತ್ತದೆ. ಮಿಲಾನಿಗೆ ಹೋಗುವಾಗ ಇಟಲಿಯ ಗಡಿಯಲ್ಲಿರುವ ಸ್ವಿಸ್ ಊರು ಕಿಯಾಸ್ಸೊ ದಾಟಿದ ಮೇಲೆ ಆನ್ ಮಾಡಿದರಾಯಿತು.

ಮೂರೂ ಊರಿನ ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೋ. ಹಾಸ್ಟೆಲ್ಲಿನ ವಿಳಾಸ ಒಂದು ಚೀಟಿಯಲ್ಲಿ ಬರೆದು ಪಾಸ್‌ಪೋರ್ಟಿನ ಜೊತೆ ಇಡು. ಏನಾದರೂ ತೊಂದರೆಯಾದರೆ ಮೂರೂ ದೇಶದಲ್ಲಿ 112. ನಮ್ಮಲ್ಲಿರುವ ನಂಬರೇ.

ಖರ್ಚು ನೋಡಬೇಡ. ಊಟದಲ್ಲಿ, ಡೇಟಾದಲ್ಲಿ ಮಿಗಿಸಿದ ದುಡ್ಡು ನನಗೆ ಬೇಕಾಗಿಲ್ಲ.

ಇವತ್ತು ರಾತ್ರಿ ಫೋನಿನಲ್ಲಿ *#06# ಒತ್ತಿ ನೋಡು. ಇಐಡಿ ಅಂತ ಒಂದು ಉದ್ದದ ನಂಬರು ಬಂದರೆ ನಿನ್ನ ಫೋನಿಗೆ ಇ-ಸಿಮ್ ಆಗುತ್ತದೆ. ಬಂತೋ ಇಲ್ಲವೋ ತಿಳಿಸು. ಭಾನುವಾರ ಮನೆಗೆ ಬಂದಾಗ ಇಬ್ಬರೂ ಕೂತು ಪ್ಯಾಕ್ ನೋಡೋಣ.

ನಿನ್ನ
ಅಮ್ಮ