ಬ್ರೆಡ್ಡಿಗೂ ಪಡಿತರವಿದ್ದ ಕಾಲದ ಆರೋಗ್ಯ ಸೇವೆ

ಮಾನ್ಯ ಸಂಪಾದಕರೇ,

ಬ್ರಿಟನ್ನಿನ ಉಚಿತ ಆರೋಗ್ಯ ಸೇವೆಯು ಸಿರಿವಂತ ದೇಶಕ್ಕೆ ಮಾತ್ರ ಸಾಧ್ಯವಾದ ಯೋಜನೆ ಎಂದು ಪತ್ರಿಕೆಯ ಲೇಖನವೊಂದು ಹೇಳಿರುವುದು ಇತಿಹಾಸಕ್ಕೆ ಹೊಂದುವುದಿಲ್ಲ. ಎರಡನೇ ಮಹಾಯುದ್ಧ ಮುಗಿದಾಗ ಆ ದೇಶದ ಬೊಕ್ಕಸ ಬರಿದಾಗಿತ್ತು. ಆಗ ಅಮೆರಿಕದಿಂದ ತಂದ 375 ಕೋಟಿ ಡಾಲರ್ ಸಾಲದ ಕೊನೆಯ ಕಂತು ತೀರಿದ್ದು 2006ರಲ್ಲಿ! ಯುದ್ಧದ ವೇಳೆಯಲ್ಲೂ ಇಲ್ಲದಿದ್ದ ಬ್ರೆಡ್ ಪಡಿತರ, ಅಂದರೆ ತಲೆಗೆ ಇಷ್ಟೇ ಎಂಬ ಮಿತಿ, 1946ರಲ್ಲಿ ಜಾರಿಗೆ ಬಂತು. 1948ರ ಜುಲೈ 5ರಂದು ಆರೋಗ್ಯ ಸೇವೆ ಆರಂಭವಾದ ದಿನವೂ ಅದು ಜಾರಿಯಲ್ಲಿತ್ತು. ಮಾಂಸದ ಪಡಿತರ ಮುಗಿಯಲು 1954 ಬರಬೇಕಾಯಿತು. ಇಷ್ಟು ಬಿಗಿಯಲ್ಲೂ ಅಂದಿನ ಪ್ರಧಾನಿ ಕ್ಲೆಮೆಂಟ್ ಅಟ್ಲೀ ಅವರ ಸರ್ಕಾರ ಯೋಜನೆಯನ್ನು ಮುಂದೂಡಲಿಲ್ಲ.

ಹಣದ ಅಡಚಣೆ ಕಾಡಲಿಲ್ಲ ಎಂದಲ್ಲ. 1951ರಲ್ಲಿ ಕನ್ನಡಕ, ಕಟ್ಟಿಸಿದ ಹಲ್ಲುಗಳಿಗೆ ಶುಲ್ಕ ವಿಧಿಸಲು ಹೊರಟಾಗ, ಈ ಸೇವೆಯ ರೂವಾರಿ ಅನ್ಯೂರಿನ್ ಬೆವನ್ ಸಚಿವ ಸ್ಥಾನವನ್ನೇ ತೊರೆದರು. (ಹಲ್ಲಿನ ಸೆಟ್ಟಿಗಾಗಿ ಕುರ್ಚಿ ಬಿಡುವವರನ್ನು ಇಂದು ಹುಡುಕಬೇಕು!)

ಈ ವಿಷಯ ಕುರಿತ ಮುಂದಿನ ಲೇಖನದಲ್ಲಿ ಆ ವರ್ಷಗಳ ಸಾಲ ಮತ್ತು ಪಡಿತರದ ವಿವರಗಳನ್ನೂ ಸೇರಿಸಿದರೆ ಓದುಗರಿಗೆ, ವಿಶೇಷವಾಗಿ ಇತಿಹಾಸದ ವಿದ್ಯಾರ್ಥಿಗಳಿಗೆ ಅನುಕೂಲವಾಗುತ್ತದೆ.

– ನಿವೃತ್ತ ಅಧ್ಯಾಪಕ, ಧಾರವಾಡ