ಚೋಶಿಯ ಆ ಅಜ್ಜನಿಗೆ

ಜಪಾನಿನ ಚೋಶಿ ಊರಿನ ಸ್ಟೇಷನ್ನಿನಲ್ಲಿ ನಮ್ಮಮ್ಮನ ಬ್ಯಾಗು ಎತ್ತಿಕೊಂಡ ಅಜ್ಜಾ, ನಿಮ್ಮ ಹೆಸರು ಕೇಳುವಷ್ಟರಲ್ಲಿ ರೈಲು ಹೊರಟೇಬಿಟ್ಟಿತು. ದೊಡ್ಡ ರೈಲಿನ ಪ್ಲಾಟ್‌ಫಾರ್ಮಿನ ತುತ್ತತುದಿಯಲ್ಲೇ ಈ ಪುಟ್ಟ ಖಾಸಗಿ ರೈಲು ನಿಲ್ಲುತ್ತದೆಂದು ನೀವೇ ತೋರಿಸಿದ್ದು. ಮಂಡಿನೋವಿನ ಅಮ್ಮನ ಜೊತೆ ನಿಧಾನಕ್ಕೆ ನಡೆದಿರಿ; ಇನುಬೋದಲ್ಲಿ ಇಳಿಸಿ ಎಂದು ಕಂಡಕ್ಟರಿಗೂ ಹೇಳಿದಿರಿ. ಮೇಲೆ ನುರೆ ಸೆಂಬೇ ಪೊಟ್ಟಣ ಬೇರೆ! ಸೋಯಾ ಸಾಸ್ ಹೀರಿ ಮೆತ್ತಗಾದ, ಬೆರಳಿಗೆ ಅಂಟುವ ಅಕ್ಕಿ ಬಿಲ್ಲೆ. 1923ರಿಂದ ಓಡುತ್ತಿರುವ, ಬರೀ 6.4 ಕಿಲೋಮೀಟರಿನ ಈ ಚೋಶಿ ಎಲೆಕ್ಟ್ರಿಕ್ ರೈಲ್ವೆ 2006ರಲ್ಲಿ ರೈಲು ರಿಪೇರಿಗೆ ದುಡ್ಡಿಲ್ಲದೆ, ತಾನೇ ಮಾರುವ ಈ ಸೆಂಬೇ ಕೊಳ್ಳಿ ಎಂದು ಜನರನ್ನು ಬೇಡಿಕೊಂಡೇ ಉಳಿದುಕೊಂಡದ್ದು. (ತಿಂಡಿ ಮಾರಿ ರೈಲು ಓಡಿಸುವವರನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.) ಅಮ್ಮನಿಗೆ ರುಚಿ ಹಿಡಿಸಿತು, ಇಳಿದ ಮೇಲೆ ಇನ್ನಷ್ಟು ಕೊಂಡೆವು. ತುಂಬಾ ಥ್ಯಾಂಕ್ಸ್ ಅಜ್ಜಾ.